ನೈವೇದ್ಯಕ್ಕೆ ಮೊದಲು ಉಪ್ಪು ನೋಡುವಂತಿಲ್ಲ

ನಾನು ಯಾವ ಕೆಲಸವನ್ನು ಪಟ್ಟಿ ಮಾಡಿಕೊಂಡು, ಸಮಾಧಾನದಿಂದ, ವಾರ ಮೊದಲೇ ಶುರುಮಾಡುತ್ತೇನೋ ಆ ಕೆಲಸವೇ ಹುಡುಕಿಕೊಂಡು ಬಂದು ನನ್ನ ತಲೆಯ ಮೇಲೆ ಕೂರುತ್ತದೆ. ಪಟ್ಟಿಯಿಲ್ಲದೆ ಮಾಡಿದ್ದು ಹೇಗೋ ದಾಟಿಹೋಗುತ್ತದೆ. ಅಂಕೋಲೆಯಿಂದ ಮದುವೆಯಾಗಿ ಕಾರವಾರಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು, ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಹಿಡಿದು ಹದಿನೇಳು. ಎರಡೂ ಕಡೆ ಇದಕ್ಕೆ ಸಾಕ್ಷಿಗಳಿದ್ದಾರೆ. ಇಲ್ಲಿ ಹೋದ ಚೌತಿಯದನ್ನಷ್ಟೇ ಬರೆಯುತ್ತೇನೆ. ಉಳಿದವನ್ನು ಬರೆದರೆ ಓಣಿಯಲ್ಲಿ ಓಡಾಡುವುದು ಕಷ್ಟ.

೧. ಮಾಡು ಬಿಚ್ಚಿದ ವರ್ಷ

ನನ್ನ ಗಂಡನ ಮನೆತನದ ಗಣಪತಿ ಕೂರುವುದು ಕಾರವಾರದ ಹತ್ತಿರದ ಹಳ್ಳಿ ಕಿನ್ನರದಲ್ಲಿ, ಭಾವನ ಮನೆಯಲ್ಲಿ. ಭಾವ ಎಂದರೆ ನನ್ನ ಗಂಡನ ಅಣ್ಣ. ಅವರ ಹೆಂಡತಿಯನ್ನು ನಾವೆಲ್ಲ ಕೊಂಕಣಿಯ ಲೆಕ್ಕದಲ್ಲಿ ವೈನಿ ಎನ್ನುತ್ತೇವೆ. ಚೌತಿಯ ದಿನ ಕಾಕಂದಿರ ಮನೆಯವರೆಲ್ಲ ಸೇರಿ ಇಪ್ಪತ್ತೆಂಟು ಎಲೆ. ಇಪ್ಪತ್ತಾರು ವರ್ಷದಿಂದ ಅಷ್ಟನ್ನೂ ಬೇಯಿಸಿದ್ದು ವೈನಿ. ನನಗೆ ಹತ್ತೊಂಬತ್ತು ವರ್ಷವೂ ಸಿಕ್ಕ ಕೆಲಸ ಒಂದೇ, ಕಾಯಿ ತುರಿಯುವುದು. "ನಿಂಗೆ ಆಫೀಸು ಇರ್ತದೆ, ದಣಿದಿರ್ತಿ" ಎನ್ನುತ್ತಿದ್ದರು. ಅದರ ಅರ್ಥ ಎಂತ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಮನೆಯ ಒಂದು ನಿಯಮವನ್ನು ಇಲ್ಲೇ ಹೇಳಿಬಿಡಬೇಕು. ನೈವೇದ್ಯ ಆಗುವವರೆಗೆ ಯಾವ ಅಡಿಗೆಯನ್ನೂ ಯಾರೂ ಬಾಯಿಗೆ ಹಾಕುವಂತಿಲ್ಲ. ಉಪ್ಪು, ಹುಳಿ, ಬೆಲ್ಲ ಎಲ್ಲ ಅಂದಾಜಿನ ಮೇಲೆಯೇ ಬೀಳಬೇಕು. ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡ ನಮ್ಮತ್ತೆ ಬರೀ ವಾಸನೆಯಿಂದ ಉಪ್ಪು ಹೇಳುತ್ತಿದ್ದರಂತೆ. ಆ ಮೂಗು ವೈನಿಗೆ ಬಂದಿದೆ ಎಂಬುದು ಇಡೀ ಮನೆತನದ ನಂಬಿಕೆ. ಇಪ್ಪತ್ತಾರು ಚೌತಿಯಲ್ಲಿ ಒಂದು ಸಲವೂ ಉಪ್ಪು ಹೆಚ್ಚುಕಡಿಮೆ ಆದದ್ದಿಲ್ಲ. ನಿಯಮದ ಕಾವಲಿಗೆ ಭಾವ. ಬಿಣಗಾ ಕಡೆಯ ಫ್ಯಾಕ್ಟರಿಯ ಲ್ಯಾಬಿನಲ್ಲಿ ದುಡಿದು ರಿಟೈರ್ ಆದವರು. ಅಲ್ಲಿ ಸ್ಯಾಂಪಲ್ ನೋಡದೆ ಒಂದು ಚೀಲವನ್ನೂ ಗೇಟು ದಾಟಿಸಿದವರಲ್ಲ. ಮನೆಯಲ್ಲಿ ಮಾತ್ರ ಸ್ಯಾಂಪಲ್ ನೋಡಿದರೆ ಮಹಾಪಾಪ.

ಹೋದ ವರ್ಷ ಹೊಸ ಹಂಚು ಹಾಕಿಸಲೆಂದು ಕಿನ್ನರದ ಮನೆಯ ಮಾಡು ಬಿಚ್ಚಿಸಿದರು. ಮೇ ತಿಂಗಳಲ್ಲಿ ಮುಗಿಯಬೇಕಾದ ಕೆಲಸ. ಆಗಸ್ಟು ಬಂದರೂ ಮನೆಯ ಮೇಲೆ ನೀಲಿ ತಾಡಪತ್ರಿಯೇ ಇತ್ತು. ಗಣಪತಿಯನ್ನು ತಾಡಪತ್ರಿಯ ಕೆಳಗೆ ಕೂರಿಸಲಾದೀತೇ? ಭಾವ ನಮ್ಮ ಮನೆಗೆ ಬಂದು, ಚಹಾ ಕುಡಿದು, ತೀರ್ಪು ಹೇಳಿದರು: "ಈ ವರ್ಷ ಚೌತಿ ಕಾರವಾರದಲ್ಲಿ, ಇಲ್ಲೇ. ಊಟ ಸರಿ ಹೋದ್ರೆ ಮುಂದೂ ನೋಡೋಣ. ಸರಿ ಹೋಗ್ಲಿಲ್ಲ ಅಂದ್ರೆ ಮತ್ತೆ ಕಿನ್ನರವೇ."

ಅವರು ಚಪ್ಪಲಿ ಹಾಕಿಕೊಳ್ಳುವಾಗ ವೈನಿ ಹಿಂದೆ ಉಳಿದು ನನ್ನ ಕೈ ಹಿಡಿದರು. "ನನ್ನ ಮಂಡಿ ನೋಡಿದ್ಯಲ್ಲ. ಒಂದು ಚೌತಿಯಾದ್ರೂ ಕುರ್ಚಿ ಮೇಲೆ ಕೂತು ನೋಡ್ಬೇಕು ಅಂತ ಆಸೆ ಮಾರಾಯ್ತಿ. ಹೆಂಗಾದ್ರೂ ಸರಿ ಮಾಡು." ಮತ್ತೆ ತಾವೇ ಸೇರಿಸಿದರು, "ಟೆನ್ಷನ್ ಮಾತ್ರ ಮಾಡ್ಕೊಬೇಡ."

ಅಂದು ರಾತ್ರಿಯೊಳಗೆ ಮೂರು ಸಲ ಫೋನು ಮಾಡಿ ಅದನ್ನೇ ಹೇಳಿದರು. ಮೂರನೆಯ ಸಲ ಅವರ ದನಿಯೇ ನಡುಗುತ್ತಿತ್ತು.

೨. ಚಮಚದ ಅಭ್ಯಾಸ

ಲೈಬ್ರರಿಯಲ್ಲಿ ಕೆಲಸ ಮಾಡುವವಳಿಗೆ ಮೂಗಿನ ಮೇಲೆ ನಂಬಿಕೆ ಕಡಿಮೆ, ಬರೆದಿಟ್ಟದ್ದರ ಮೇಲೆ ಹೆಚ್ಚು. ಒಂದು ಪುಸ್ತಕ ಮಾಡಿದೆ. ಇಷ್ಟು ತರಕಾರಿಗೆ ಇಷ್ಟು ಚಮಚ ಉಪ್ಪು, ಇಷ್ಟು ಬೇಳೆಗೆ ಇಷ್ಟು. ಚೌತಿಗೆ ಹದಿನೈದು ದಿನ ಇರುವಾಗಲೇ ರುಚಿ ನೋಡದೆ ಅಡಿಗೆ ಮಾಡುವ ಅಭ್ಯಾಸ ಶುರುಮಾಡಿದೆ.

ಊಟ ಮಾಡುವವನು ಒಬ್ಬನೇ, ನನ್ನ ಗಂಡ. ಪಾಪ, ಬಂದರಿನ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿಕೊಂಡು ಯಾರ ತಂಟೆಗೂ ಹೋಗದ ಮನುಷ್ಯ. ಮೊದಲ ದಿನ ಸಾರು ಬಾಯಿಗಿಟ್ಟು ಎದ್ದುಹೋಗಿ ಎರಡು ಲೋಟ ನೀರು ಕುಡಿದು ಬಂದು ಕೂತ.

"ಹೆಂಗದೆ?" ಎಂದೆ, ಪೆನ್ನು ಹಿಡಿದು.

"ಸಮುದ್ರ ಹತ್ತಿರ ಅದೆ ಅಂತ ಗೊತ್ತಾತದೆ."

ಮುಕ್ಕಾಲು ಚಮಚ ಕಡಿಮೆ ಎಂದು ಬರೆದುಕೊಂಡೆ. ಮರುದಿನ, "ಇವತ್ತು ಯಾರಾದ್ರೂ ಆಸ್ಪತ್ರೆಯಿಂದ ಬಂದವ್ರು ಊಟಕ್ಕೆ ಇದ್ರಾ?" ಎಂದ. ಅರ್ಧ ಚಮಚ ಹೆಚ್ಚು ಎಂದು ಬರೆದುಕೊಂಡೆ. ಹೀಗೆ ಒಂದು ವಾರ. ಅವನು ಡಬ್ಬಿಯಲ್ಲಿ ಉಪ್ಪಿನಕಾಯಿಯನ್ನೂ, ಮೊಸರನ್ನೂ ಬೇರೆ ಬೇರೆ ಒಯ್ಯಲು ಶುರುಮಾಡಿದ, ಯಾವ ಕಡೆಗೆ ಬಿದ್ದರೂ ಇರಲಿ ಎಂದು.

ಎಂಟನೆಯ ದಿನ ಒಂದು ತುತ್ತು ಉಂಡ, ಎರಡನೆಯದು ಉಂಡ, ತಲೆ ಎತ್ತಿ ನೋಡಿದ. ಕಣ್ಣಲ್ಲಿ ನೀರು ಬಂದದ್ದು ಒಂದೇ ಬಾಕಿ. "ಆಯ್ತು ಮಾರಾಯ್ತಿ! ಇದೇ ಅಳತೆ. ಇನ್ನು ಅಲ್ಲಾಡಿಸ್ಬೇಡ. ಪುಸ್ತಕದಲ್ಲಿ ಬರ್ದು ಅಡಿಗೆರೆ ಹಾಕು."

ನಾನು ಬರೆಯಲಿಲ್ಲ. ಆ ದಿನ ಕಾಲೇಜಿನಿಂದ ಬರುವುದು ತಡವಾಗಿ ನಾನು ಅಡಿಗೆಯನ್ನೇ ಮಾಡಿರಲಿಲ್ಲ. ಅದು ಪಕ್ಕದ ಮನೆಯವರು ಕೊಟ್ಟ ಸಾರು.

೩. ಪುಕ್ಕಟೆ ಶುಂಠಿ

ಚೌತಿಗೆ ನಾಲ್ಕು ದಿನ ಮೊದಲು ತರಕಾರಿಗೆಂದು ಅಂಕೋಲೆಗೇ ಹೋದೆ. ತವರಿನ ಪೇಟೆ, ಮೋಸ ಇಲ್ಲ ಎಂಬ ಧೈರ್ಯ. ನಮ್ಮಲ್ಲಿ ಚೌತಿಗೆ ಆಗಲೇಬೇಕಾದದ್ದು ಖತಖತೆ. ಗೆಡ್ಡೆ, ದಂಟು, ಕಾಯಿ ಎಂದು ಹತ್ತಾರು ತರಕಾರಿ ಒಂದೇ ಪಾತ್ರೆಯಲ್ಲಿ ಬೇಯುವ ಪದಾರ್ಥ. ಮನೆತನದ ಮರ್ಯಾದೆ ನಿಂತಿರುವುದು ಅದರ ಮೇಲೆ.

ಸೊಪ್ಪು-ಗೆಡ್ಡೆ ಹರವಿಕೊಂಡು ಕೂತಿದ್ದ ಅಜ್ಜಿಯ ಮುಂದೆ ಕೂತು ಪಟ್ಟಿ ತೆಗೆದೆ. ಅಜ್ಜಿ ಪಟ್ಟಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಎಷ್ಟು ಎಲೆ?"

"ಇಪ್ಪತ್ತೆಂಟು."

"ಅಡಿಗೆ ಯಾರ್ದು?"

"ನನ್ನದೇ."

"ಮದ್ಲು ಯಾವಾಗಾದ್ರೂ ಮಾಡಿದ್ಯೇ?"

"ಇಲ್ಲಜ್ಜಿ. ಇದೇ ಮೊದಲು."

ಅಜ್ಜಿ ನನ್ನ ಚಪ್ಪಲಿಯಿಂದ ಹಿಡಿದು ಕನ್ನಡಕದವರೆಗೆ ಸಾವಕಾಶ ನೋಡಿದಳು. ಮತ್ತೆ ಮಾತಿಲ್ಲದೆ ಕೆಸುವಿನ ದಂಟು, ಸುವರ್ಣಗೆಡ್ಡೆ, ಅಂಬಟೆಕಾಯಿ ಎಲ್ಲ ಆರಿಸಿ ಆರಿಸಿ ಚೀಲಕ್ಕೆ ಹಾಕಿದಳು. ಕೊನೆಗೆ ಮೇಲಿಂದ ಒಂದು ದೊಡ್ಡ ಶುಂಠಿ ಗೆಡ್ಡೆ ಇಟ್ಟಳು.

"ಶುಂಠಿ ಪಟ್ಟಿಯಲ್ಲಿ ಇಲ್ಲಜ್ಜಿ. ಖತಖತೆಗೆ ಶುಂಠಿ ಹಾಕೂದಿಲ್ಲ."

"ಖತಖತೆಗಲ್ಲ" ಎಂದಳು ಅಜ್ಜಿ. "ಉಂಡವ್ರಿಗೆ. ಕಷಾಯ ಮಾಡಿ ಇಟ್ಕೊ. ಇದಕ್ಕೆ ದುಡ್ಡು ಬ್ಯಾಡ."

೪. ತೊಳೆದ ಪಾತ್ರೆ

ಇಪ್ಪತ್ತೆಂಟು ಜನರಿಗೆ ಬೇಯಿಸುವ ಪಾತ್ರೆ ನಮ್ಮಲ್ಲಿರಲಿಲ್ಲ. ಕಿನ್ನರದ ತಾಮ್ರದ ಹಂಡೆ ತಾಡಪತ್ರಿಯ ಕೆಳಗೆ ಎಲ್ಲೋ ಸಾಮಾನಿನ ಅಡಿಯಲ್ಲಿ ಸಿಕ್ಕಿಬಿದ್ದಿತ್ತು. ಪಕ್ಕದ ಮನೆಯಾಕೆ, ಆ ಸಾರು ಕೊಟ್ಟವರೇ, ದೊಡ್ಡ ಅಲ್ಯುಮಿನಿಯಂ ಪಾತ್ರೆಯೊಂದನ್ನು ಫಳಫಳ ತೊಳೆದು ತಂದಿಟ್ಟರು. "ಹೊಸದರ ಹಾಂಗೇ ಅದೆ ನೋಡಿ" ಎಂದರು. ಮುಖ ಕಾಣುತ್ತಿತ್ತು ಅದರಲ್ಲಿ.

ಚೌತಿಯ ಹಿಂದಿನ ದಿನ ಮಧ್ಯಾಹ್ನ ವೈನಿ ಬಂದರು. ಅಡಿಗೆಮನೆಯ ಬಾಗಿಲಲ್ಲಿ ಕಾಲಿಟ್ಟವರು ಅಲ್ಲೇ ನಿಂತರು. ಒಮ್ಮೆ ಮೂಗು ಎಳೆದರು. ಪಾತ್ರೆಯ ಹತ್ತಿರ ಹೋಗಿ ಇನ್ನೊಮ್ಮೆ.

"ಇದರಲ್ಲಿ ಬಂಗಡೆ ಬೆಂದದೆ."

ಪಕ್ಕದ ಮನೆಯವರು ಅಲ್ಲೇ ಇದ್ದರು. ಚೌತಿಯ ಅಡಿಗೆಗೆ ಮೀನಿನ ಪಾತ್ರೆ! ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕಿತ್ತು. "ಇಲ್ಲ ವೈನಿ, ಅವರು ಹುಣಿಸೆಹಣ್ಣು ಹಾಕಿ ತೊಳೆದು ತಂದದ್ದು" ಎಂದೆ.

"ಹೌದು. ತೊಳೆದ ಬಂಗಡೆ."

ಪಕ್ಕದ ಮನೆಯವರ ಮುಖ ಕೆಂಪಾಯಿತು. ಸೊಂಟಕ್ಕೆ ಕೈಯಿಟ್ಟರು. ಜಗಳ ಶುರುವಾಯಿತು, ಹತ್ತೊಂಬತ್ತು ವರ್ಷದ ನೆರೆಹೊರೆ ಇಂದಿಗೆ ಮುಗಿಯಿತು ಎಂದುಕೊಂಡೆ.

"ನೋಡಿ, ಮೀನಿನ ಪಾತ್ರೆ ಅನ್ನಿ, ಒಪ್ತೆ. ನನ್ನದೇ ತಪ್ಪು, ಮರ್ತು ತಂದೆ" ಎಂದರು. "ಆದ್ರೆ ಬಂಗಡೆ ಅನ್ಬೇಡಿ! ಮಗಳ ನಿಶ್ಚಿತಾರ್ಥಕ್ಕೆ ಮಾಡಿದ್ದು. ಇಡೀ ಪಾತ್ರೆ ಇಸವಣ, ಮೀನಿನಲ್ಲೇ ತುಟ್ಟಿಯದು! ಆವತ್ತಿನ ರೇಟಿಗೆ!"

ವೈನಿ ಮತ್ತೊಮ್ಮೆ ಬಗ್ಗಿ ಮೂಸಿ, ತಲೆಯಾಡಿಸಿ, "ಹೌದು ಬಾಯ್, ಇಸವಣವೇ. ನಂದು ತಪ್ಪಾತು" ಎಂದು ತಂಗಿಯನ್ನು ಕರೆದಂತೆ ಕರೆದು ಕ್ಷಮೆ ಕೇಳಿದರು. ಇಬ್ಬರೂ ಸಮಾಧಾನವಾಗಿ ಚಹಾ ಕುಡಿದರು. ನನ್ನ ಚಮಚದ ಪುಸ್ತಕ ಮಾತ್ರ ಹಾಳಾಯಿತು. ಅದರ ಲೆಕ್ಕವೆಲ್ಲ ಒಂದು ದೊಡ್ಡ ಪಾತ್ರೆಗೆ ಇದ್ದದ್ದು. ಈಗ ಮೂರು ಸಣ್ಣ ಪಾತ್ರೆಯಲ್ಲಿ ಬೇಯಿಸಬೇಕು.

೫. ಗಣಪತಿಯ ತಲೆಯ ಮೇಲೆ

ಒತ್ತಡವಿಲ್ಲದೆ ಹಬ್ಬದೂಟ ಮಾಡುವುದು ಹೇಗೆ ಎಂದು ಮೊಬೈಲಿನಲ್ಲಿ ಒಬ್ಬಾಕೆ ನಗುತ್ತ ಹೇಳಿಕೊಟ್ಟಿದ್ದಳು: ಎಲ್ಲವನ್ನೂ ನೀವೇ ಹೊತ್ತುಕೊಳ್ಳಬೇಡಿ, ಬರುವವರಿಗೂ ಹಂಚಿ. ಅಡಿಗೆಯನ್ನು ಹಂಚುವ ಹಾಗಿಲ್ಲ, ಎಲ್ಲವೂ ಗಣಪತಿ ಕೂತ ಮನೆಯಲ್ಲೇ ಬೇಯಬೇಕು. ಹಾಗಾಗಿ ಫಲಾವಳಿಯನ್ನು ಹಂಚಿದೆ. ಗಣಪತಿಯ ತಲೆಯ ಮೇಲೆ ಕಟ್ಟಿಗೆಯ ಚೌಕಟ್ಟು ಕಟ್ಟಿ ಅದಕ್ಕೆ ಬಗೆಬಗೆಯ ಹಣ್ಣು, ಕಾಯಿ, ಕಾಡಿನ ಬಳ್ಳಿ ಎಲ್ಲ ತೂಗಬಿಡುತ್ತೇವಲ್ಲ, ಅದು. ಮನೆತನದ ವಾಟ್ಸ್ಯಾಪ್ ಗುಂಪಿನಲ್ಲಿ ಬರೆದೆ: "ಫಲಾವಳಿಗೆ ಒಂದೊಂದು ಮನೆಯವರು ತಮ್ಮ ಹಿತ್ತಿಲಿನದು ಏನಾದರೂ ಒಂದು ಬಗೆ ತನ್ನಿ." ಎಲ್ಲರೂ ಕೈಮುಗಿದರು, ಹೂವು ಕಳಿಸಿದರು.

ಭಾದ್ರಪದದಲ್ಲಿ ನಮ್ಮ ಕಡೆ ಎಲ್ಲರ ಹಿತ್ತಿಲಲ್ಲೂ ಬೆಳೆಯುವುದು ಯಾವುದು ಎಂದು ನಾನು ಯೋಚಿಸಲೇ ಇಲ್ಲ.

ಚೌತಿಯ ಬೆಳಿಗ್ಗೆ ಮೊದಲು ಬಂದ ಕಾಕಿ, ಗಂಡನ ಚಿಕ್ಕಪ್ಪನ ಹೆಂಡತಿ, ಹೆಮ್ಮೆಯಿಂದ ನಾಲ್ಕು ಸೌತೆಕಾಯಿ ಕೊಟ್ಟರು. ಅವರ ಹಿಂದಿನವರು ಐದು ತಂದಿದ್ದರು. ಮೂರನೆಯವರು ಚೀಲ ಬಿಚ್ಚುವ ಮೊದಲೇ ನನ್ನ ಮುಖ ನೋಡಿ, "ಎಂತ, ಸೌತೆಕಾಯಿ ಬಂದಾಯ್ತಾ?" ಎಂದರು. ಅಂಕೋಲೆಯಿಂದ ನನ್ನ ಅವ್ವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ ಗೋಣಿಯನ್ನು ಬಿಚ್ಚಲು ನನಗೆ ಧೈರ್ಯವಾಗಲಿಲ್ಲ. ಹೊರಗಿನಿಂದ ಮುಟ್ಟಿದರೇ ಗೊತ್ತಾಗುತ್ತಿತ್ತು.

ಭಾವ ಸ್ಟೂಲು ಹತ್ತಿ ಒಂದೊಂದಾಗಿ ಕಟ್ಟಿದರು. ಉದ್ದನೆಯವು, ಗಿಡ್ಡವು, ಹಳದಿ ತಿರುಗಿದವು, ಸೊಟ್ಟಗಿನವು. ನಡುವೆ ಒಂದು ಅಡಿಕೆ ಗೊನೆ, ಎರಡು ಮೋಸಂಬಿ. ಇಳಿದು ದೂರ ನಿಂತು ನೋಡಿ, "ಲ್ಯಾಬಿನಲ್ಲಿ ಆಗಿದ್ರೆ ಒಂದೇ ಸ್ಯಾಂಪಲ್ ಸಾಕಿತ್ತು" ಎಂದಷ್ಟೇ ಹೇಳಿದರು.

ಪಕ್ಕದ ಮನೆಯವರು ದರ್ಶನಕ್ಕೆ ಬಂದು ಕೈಮುಗಿದು, ಕಣ್ಣು ಮುಚ್ಚಿ, ಕಣ್ಣು ಬಿಟ್ಟು, ಮೇಲೆ ನೋಡಿದರು. ತುಂಬ ಹೊತ್ತು ನೋಡಿದರು.

"ಪಾಪ, ಗಣಪತಿಗೆ ಈ ವರ್ಷ ಬರೀ ಕೋಸಂಬರಿಯಾ?"

೬. ಸೇತುವೆಯ ಮೇಲೆ

ಪೂಜೆಗೆ ಭಟ್ಟರು ಒಂಬತ್ತಕ್ಕೆ ಬರುತ್ತೇನೆ ಎಂದಿದ್ದರು. ಚೌತಿಯ ದಿನ ಭಟ್ಟರಿಗೆ ಎಷ್ಟು ಮನೆ ಎಂದು ಅವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಹತ್ತು ಗಂಟೆಗೆ ಭಾವ ಫೋನು ಹಚ್ಚಿದರು, ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿ.

"ಭಟ್ಟರೇ, ಎಲ್ಲಿದ್ರಿ?"

"ಸದಾಶಿವಗಡದ್ದು ಮುಗೀತು. ಕಾಳಿ ಸೇತುವೆ ಮೇಲೆ ಇದ್ದೆ. ಈಗ ಬಂದೆ."

ಹತ್ತೂವರೆಗೆ ಕೇಳಿದರೂ ಸೇತುವೆ ಮೇಲೆ. ಹನ್ನೊಂದೂಕಾಲಿಗೂ ಸೇತುವೆ ಮೇಲೆ. ಅಷ್ಟು ಹೊತ್ತಿನಲ್ಲಿ ಸ್ಕೂಟರು ಬಿಟ್ಟು ಈಜಿದ್ದರೂ ಈಚೆ ದಂಡೆಗೆ ಬರಬಹುದಿತ್ತು.

ಮನೆಯಲ್ಲಿ ಮಕ್ಕಳಿಗೆ ಬಾಳೆಹಣ್ಣು ಕೊಟ್ಟು ಕೂರಿಸಿದ್ದೆವು. ದೊಡ್ಡವರದು ಉಪವಾಸ. ಹಿಂದಿನ ಜಗಲಿಯಲ್ಲಿಟ್ಟಿದ್ದ ನೇವ್ರಿಯ ಡಬ್ಬಿಯ ಮುಚ್ಚಳ ಬೆಳಿಗ್ಗೆ ನೋಡಿದರೆ ಸಡಿಲಾಗಿತ್ತು. ನೇವ್ರಿ ಎಂದರೆ ಸಕ್ಕರೆ, ಎಳ್ಳು, ಕೊಬ್ಬರಿ ತುಂಬಿ ಕರಿದ ಕಡುಬು. ನೈವೇದ್ಯದ್ದು ಎಂದು ಹಿಂದಿನ ದಿನವೇ ಕರಿದಿಟ್ಟದ್ದು. ಗಂಡನನ್ನು ಕರೆದು ಬೈದೆ. "ಗಣಪತಿ ಆಣೆ, ನಾನಲ್ಲ" ಎಂದ. ಹದಿನೈದು ದಿನ ಅವನು ಉಂಡದ್ದನ್ನು ನೆನೆದರೆ ಅವನಲ್ಲದೆ ಬೇರೆ ಯಾರು ಎಂದುಕೊಂಡೆ. ಕಾಕಿಯಂತೂ ಮಡಿಯೆಂದರೆ ಮಡಿ. ಗಳಿಗೆಗೊಮ್ಮೆ ಕೈ ತೊಳೆಯಲೆಂದು ಹಿತ್ತಿಲಿಗೆ ಹೋಗಿ ಬರುತ್ತಿದ್ದರು.

ಹನ್ನೆರಡಕ್ಕೆ ಭಾವ ಮತ್ತೆ ಫೋನು ಹಚ್ಚಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹಸಿವು ಹೆಚ್ಚಿತ್ತು. "ಭಟ್ಟರೇ?"

"ಸೇತುವೆ ಮೇಲೆ" ಎಂದಿತು ದನಿ.

ಹಿಂದಿನಿಂದ ಜಾಗಟೆ ಕೇಳಿಸಿತು. ಸೇತುವೆಯ ಮೇಲೆ ಯಾರೋ ಹೆಂಗಸು, "ಭಟ್ಟರೇ, ಇನ್ನೊಂದು ಸ್ವಲ್ಪ ಪಾಯಸ?" ಎನ್ನುತ್ತಿದ್ದಳು.

ಭಾವ ಫೋನು ಕೆಳಗಿಟ್ಟು, ಸ್ವಲ್ಪ ಗಾಳಿಗೆ ಹೋಗಿ ಬರುತ್ತೇನೆ ಎಂದು ಎದ್ದರು.

೭. ಬೆಳಕಿಗೆ

ಇನ್ನು ಖತಖತೆಯದು. ಮೂರು ಪಾತ್ರೆಗೆ ಲೆಕ್ಕ ಹೊಸದಾಗಿ ಬರೆದುಕೊಂಡಿದ್ದೆ. ಎರಡಕ್ಕೆ ಉಪ್ಪು ಹಾಕಿದ್ದು ನೆನಪಿದೆ. ಮೂರನೆಯದಕ್ಕೆ ಹಾಕಬೇಕು ಎನ್ನುವಷ್ಟರಲ್ಲಿ ಫಲಾವಳಿಯಿಂದ ಒಂದು ಸೌತೆಕಾಯಿ ಕಳಚಿ ಕೆಳಗೆ ಬಿತ್ತು. ಗಣಪತಿಯ ಸೊಂಡಿಲಿಗೆ ಒಂದು ಗೇಣು ಈಚೆ. ಎಲ್ಲರೂ ಕೂಗಿಕೊಂಡರು, ನಾನೂ ಓಡಿದೆ. ಮರಳಿ ಬರುವಾಗ ಕೈಯಲ್ಲಿ ಚಮಚ ಇತ್ತು, ಚಮಚ ಖಾಲಿ ಇತ್ತು. ಹಾಕಿ ಖಾಲಿಯಾಯಿತೋ, ಓಡುವಾಗ ಚೆಲ್ಲಿ ಖಾಲಿಯಾಯಿತೋ ಗೊತ್ತಿಲ್ಲ. ಮೂರರಲ್ಲಿ ಯಾವುದು ಮೂರನೆಯ ಪಾತ್ರೆ ಎಂಬುದೂ ಗೊತ್ತಿಲ್ಲ, ಯಾರೋ ಒಲೆಯ ಮೇಲೆ ಅದಲುಬದಲು ಮಾಡಿ ಇಟ್ಟಿದ್ದರು.

ಕಾಕಿಯನ್ನು ಕೇಳಿದೆ. "ನಾ ಯಾವುದಕ್ಕೂ ಕೈ ಹಾಕೂದಿಲ್ಲ ತಾಯಿ. ನಿನ್ನ ಮೊದಲ ಚೌತಿ. ಒಳ್ಳೆದಾದ್ರೂ ಹೆಸರು ನಿಂದೇ ಆಗ್ಲಿ, ಹಾಳಾದ್ರೂ ನಿಂದೇ ಆಗ್ಲಿ."

ಕಾಕಿಯ ಸೊಸೆ ಬಾಳೆಎಲೆ ಒರೆಸುತ್ತ ಕೂತಿದ್ದಳು. "ನೀವು ಹಾಕಿದ್ದು ನಾ ಕಂಡೆ ಅಕ್ಕ" ಎಂದಳು.

"ಉಪ್ಪಾ?"

"ಬೆಳ್ಳಗಿತ್ತು."

"ಕಾಯಿತುರಿಯೂ ಬೆಳ್ಳಗೇ ಇರ್ತದಲ್ಲೇ!"

"ಹಾಂಗಾದ್ರೆ ಅದೇ ಇರ್ಬೇಕು."

ಇಪ್ಪತ್ತೆಂಟು ಎಲೆ. ಭಾವನ ತೀರ್ಪು. ಮಂಡಿ ಚಾಚಿ ಕುರ್ಚಿಯ ಮೇಲೆ ಕೂತಿದ್ದ ವೈನಿ. ಹತ್ತೊಂಬತ್ತು ವರ್ಷದ ಕಾಯಿತುರಿ. ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ವೈನಿಯ ಹತ್ತಿರ ಹೋಗಿ, "ವೈನಿ, ಒಂದು ಸಲ ನಿಮ್ಮ ಮೂಗು ತನ್ನಿ" ಎಂದೆ.

ವೈನಿ ಎದ್ದರು. ಒಂದೊಂದೇ ಪಾತ್ರೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿ ಉಸಿರು ಎಳೆದರು. ನಾವೆಲ್ಲ ಉಸಿರು ಬಿಗಿಹಿಡಿದೆವು.

"ಇಲ್ಲಿ ಹಬೆ ಜಾಸ್ತಿ" ಎಂದರು ಕೊನೆಗೆ. "ಗೊತ್ತಾಗ್ತಿಲ್ಲ. ಮೂರು ಬಟ್ಟಲಲ್ಲಿ ಸ್ವಲ್ಪ ಸ್ವಲ್ಪ ಹಾಕಿ ತಾ. ಹಿತ್ತಿಲಲ್ಲಿ ಬೆಳಕಿಗೆ ನೋಡೋಣ."

ವಾಸನೆಗೂ ಬೆಳಕಿಗೂ ಎಂತ ಸಂಬಂಧ ಎಂದು ಕೇಳುವ ಹೊತ್ತಲ್ಲ ಅದು. ಬಟ್ಟಲು ಹಿಡಿದು ಹಿಂದೆ ಹೋದೆ. ನಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅರಿಶಿನದ ಗಿಡಗಳು ಎದೆಯುದ್ದ ಬೆಳೆದು ನಿಂತಿವೆ. ಚೌತಿಯ ಕಡುಬಿಗೆ ಎಲೆ ಬೇಕು ಎಂದು ನಾನು ನೆಟ್ಟದ್ದು. ಹಾವು ಬರುತ್ತದೆ, ಕಡಿದುಹಾಕು ಎಂದು ಪ್ರತಿ ಮಳೆಗಾಲದಲ್ಲೂ ಗಂಡನ ವರಾತ.

ವೈನಿ ಆಚೆ ನೋಡಿದರು, ಈಚೆ ನೋಡಿದರು. ಬಟ್ಟಲಿಗೆ ಬೆರಳದ್ದಿದರು. ನೆಕ್ಕಿದರು.

"ಇದಕ್ಕೆ ಆಗಿದೆ" ಎಂದರು. ಎರಡನೆಯದನ್ನೂ ನೆಕ್ಕಿ, "ಇದಕ್ಕೂ ಆಗಿದೆ." ಮೂರನೆಯದು. "ಇದಕ್ಕೆ ಹಾಕ್ಲೇ ಇಲ್ಲ ನೀನು."

ನಾನು ಬಾಯಿ ತೆರೆದವಳು ಮುಚ್ಚಿರಲಿಲ್ಲ. "ವೈನೀ! ನೈವೇದ್ಯ ಆಗ್ಲಿಲ್ಲ! ನಿಮ್ಮ ಮೂಗು?"

"ಹೋಗೇ. ಇಪ್ಪತ್ತಾರು ವರ್ಷ ಮೂಗಿನಲ್ಲಿ ಉಪ್ಪು ನೋಡ್ಲಿಕ್ಕೆ ಆತದಾ? ಮೂಗಿಗೆ ಮೀನು ತಿಳೀತದೆ, ಉಪ್ಪು ತಿಳಿಯೂದಿಲ್ಲ." ಸೆರಗಿನಲ್ಲಿ ಬೆರಳು ಒರೆಸಿಕೊಂಡರು. "ನಂಗೂ ಮೊದಲ ಚೌತಿಯಲ್ಲಿ ಹೀಂಗೇ ಆಗಿತ್ತು. ಅಳ್ತಾ ನಿಂತಿದ್ದೆ. ಅತ್ತೆಯೇ ಬಾವಿಯ ಹಿಂದೆ ಕರ್ಕೊಂಡು ಹೋಗಿ ತೋರಿಸಿ ಕೊಟ್ರು. ಬಟ್ಟಲಲ್ಲಿ ಬೇರೆ ತೆಗೀಬೇಕು, ಉಳಿದದ್ದು ತೆಂಗಿನ ಬುಡಕ್ಕೆ ಹಾಕ್ಬೇಕು, ಬಾಯಿ ಮುಕ್ಕಳಿಸ್ಬೇಕು, ಗಣಪತಿಗೆ ತಪ್ಪಾತು ಅನ್ಬೇಕು. ಕೆಟ್ಟ ಅಡಿಗೆ ದೇವರ ಮುಂದೆ ಇಡೂದಕ್ಕಿಂತ ಇದು ಸಣ್ಣ ತಪ್ಪು ಅಂತ ಅತ್ತೆ ಹೇಳಿದ್ರು."

"ಹಾಗಾದ್ರೆ ಅತ್ತೆಯ ಮೂಗು?"

"ಅವರಿಗೆ ಅವರತ್ತೆ ಹೇಳಿ ಕೊಟ್ಟದ್ದು. ಈ ಮನೆತನದಲ್ಲಿ ಮೂಗು ಹೀಂಗೇ ಬರೂದು. ಯಾರಿಗೂ ಹೇಳ್ಬೇಡ. ಅದ್ರಲ್ಲೂ ನಿನ್ನ ಭಾವನಿಗೆ..."

ಅಷ್ಟರಲ್ಲಿ ಅರಿಶಿನದ ಗಿಡ ಅಲ್ಲಾಡಿತು.

ಗಾಳಿ ಇರಲಿಲ್ಲ. ಹಾವು ಎಂದುಕೊಂಡು ನಾನು ವೈನಿಯನ್ನು ಹಿಡಿದುಕೊಂಡೆ. ಎಲೆಗಳ ನಡುವಿನಿಂದ "ಅಯ್ಯೋ" ಎಂಬ ಸ್ವರ ಬಂತು. ಕುಕ್ಕರುಗಾಲಿನಲ್ಲಿ ಕೂತು ಕಾಲು ಜೋಮು ಹಿಡಿದವರ ಸ್ವರ. ಆಮೇಲೆ ನಿಧಾನವಾಗಿ, ರೇಷ್ಮೆಯ ಮಡಿಪಂಚೆಯಲ್ಲಿ, ಭಾವ ಎದ್ದು ನಿಂತರು. ಕೈಯಲ್ಲಿ ಅರ್ಧ ನೇವ್ರಿ. ಮೀಸೆಯ ಮೇಲೆ ಎಳ್ಳು.

ನಾನು ನನ್ನ ಕೈಯ ಮೂರು ಬಟ್ಟಲುಗಳನ್ನು ನೋಡಿದೆ. ಭಾವನೂ ಅವನ್ನೇ ನೋಡಿದರು.

"ನೀವು ಇಲ್ಲಿ ಎಂತ ಮಾಡ್ತಿದ್ರಿ?" ಎಂದರು ಭಾವ, ಇದ್ದ ಗಾಂಭೀರ್ಯವನ್ನೆಲ್ಲ ಒಟ್ಟುಮಾಡಿ.

"ಬೆಳಕಿಗೆ ಬಂದಿದ್ವಿ" ಎಂದರು ವೈನಿ. "ನೀವು?"

"ಎಲೆ ಕೊಯ್ಯೂದಕ್ಕೆ."

"ಎಲೆಗೆ ಎಳ್ಳು ಬಿಟ್ಟದಾ?"

ಭಾವ ಮೀಸೆ ಒರೆಸಿಕೊಂಡರು. ಅರ್ಧ ನೇವ್ರಿಯನ್ನು ಒಮ್ಮೆ ನೋಡಿದರು. ಮತ್ತೆ ನನ್ನತ್ತ ತಿರುಗಿ, ಲ್ಯಾಬಿನ ದನಿಯಲ್ಲಿ, "ಸ್ಯಾಂಪಲ್" ಎಂದರು. "ಪಾಸಾಗಿದೆ."

ಅವರು ಒಂದು ಬಾಗಿಲಿನಿಂದ ಒಳಗೆ ಹೋದರು, ನಾವು ಇನ್ನೊಂದು ಬಾಗಿಲಿನಿಂದ. ಮೂರನೆಯ ಪಾತ್ರೆಗೆ ಉಪ್ಪು ಬಿತ್ತು. ಅದರದು ಸರಿಯಾಯಿತೋ ಇಲ್ಲವೋ ಎಂದು ಇನ್ನೂ ಎರಡು ಸಲ ಬೆಳಕಿಗೆ ಹೋಗಿ ಬಂದೆವು. ಎರಡನೆಯ ಸಲ ನಾನೇ ನೆಕ್ಕಿದೆ.

ಭಟ್ಟರು ಒಂದೂವರೆಗೆ ಬಂದರು. ಬರುತ್ತಲೇ, "ನಂಗೆ ಊಟ ಬೇಡ, ಹಸಿವಿಲ್ಲ" ಎಂದರು. ಅದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಪೂಜೆಯಾಯಿತು, ನೈವೇದ್ಯವಾಯಿತು, ಇಪ್ಪತ್ತೆಂಟು ಎಲೆ ಬಿತ್ತು. ಮೊದಲ ತುತ್ತಿಗೆ ಸದ್ದಿಲ್ಲ. ಎರಡನೆಯದಕ್ಕೂ ಇಲ್ಲ. ಆಮೇಲೆ ಎರಡೂ ಸಾಲಿನಿಂದ ಒಟ್ಟಿಗೆ, "ಖತಖತೆ ಬರಲಿ" ಎಂಬ ಕೂಗು ಬಂತು. ನಾನು ಬಡಿಸುವ ಸೌಟು ಹಿಡಿದು ಓಡಿದೆ. ಅಜ್ಜಿ ಕೊಟ್ಟ ಶುಂಠಿ ಇಂದಿಗೂ ಹಾಗೇ ಇದೆ, ಈಗ ಮೊಳಕೆ ಬಂದಿದೆ.

"ಥೇಟ್ ಕಿನ್ನರದ್ದೇ ರುಚಿ" ಎಂದರು ಕಾಕಿ, ವೈನಿಯ ಕಡೆ ತಿರುಗಿ. "ಎಂತ ಬಾಯ್, ನಿನ್ನ ಮೂಗು ಇವಳಿಗೆ ದಾಟಿಸಿದ್ಯಾ?"

"ಹೌದು ಕಾಕಿ. ಇವತ್ತೇ ದಾಟಿಸ್ದೆ" ಎಂದರು ವೈನಿ. ಆಗ ಅವರು ಕುರ್ಚಿಯ ಮೇಲೆ ಕೂತಿದ್ದರು.

ಎಲೆಯ ಮುಂದಿನಿಂದ ಏಳುವ ಮೊದಲು ಭಾವ ಗಂಟಲು ಸರಿಮಾಡಿಕೊಂಡರು. ಎಲ್ಲರೂ ತಿರುಗಿದರು. "ಇನ್ನು ಚೌತಿ ಇಲ್ಲೇ" ಎಂದರು.

ಯಾರೋ ಕೇಳಿದರು, "ಮುಂದಿನ ವರ್ಷಕ್ಕೆ ಕಿನ್ನರದ ಮಾಡು ಆಗಿರ್ತದಲ್ಲ?"

"ಆಗ್ಲಿ. ಆದ್ರೆ ಇಲ್ಲಿ ಹಿತ್ತಿಲು ಚೊಲೋ ಅದೆ."

ಹಿತ್ತಿಲಿಗೂ ಊಟಕ್ಕೂ ಏನು ಎಂದು ಯಾರಿಗೂ ತಿಳಿಯಲಿಲ್ಲ. ನನ್ನ ಗಂಡನಿಗೆ ಮಾತ್ರ ತನ್ನ ಹಿತ್ತಿಲನ್ನು ಅಣ್ಣ ಹೊಗಳಿದ್ದು ಕೇಳಿ ಎಲ್ಲಿಲ್ಲದ ಹುರುಪು ಬಂತು. "ಇನ್ನೂ ಚೊಲೋ ಮಾಡ್ತೆ ನೋಡು ಅಣ್ಣ! ಮುಂದಿನ ಚೌತಿಯೊಳಗೆ ಆ ಅರಿಶಿನ ಗಿಡ ಎಲ್ಲಾ ಕಿತ್ತು ಹಾಕಿ, ಸಪಾಟು ಮಾಡಿ, ಫರಸಿ ಹಾಕಿಸ್ತೆ. ಇಲ್ಲಿಂದಲೇ ಕಾಂಪೌಂಡಿನವರೆಗೆ ಪೂರಾ ಕಾಣ್ಬೇಕು!"

"ಬೇಡ!" ಎಂದು ಕೂಗಿದೆವು, ನಾನು, ವೈನಿ, ಭಾವ, ಮೂವರೂ ಒಂದೇ ಉಸಿರಿಗೆ.

ಆಮೇಲೆ ಯೋಚಿಸಿದರೆ ಕೇಳಿಸಿದ ದನಿ ಮೂರಲ್ಲ, ನಾಲ್ಕು. ತಿರುಗಿ ನೋಡಿದಾಗ ಕಾಕಿ ಎಲೆ ಬಿಟ್ಟು ಎದ್ದು ಹಿತ್ತಿಲಿಗೆ ಹೊರಟಿದ್ದರು, ಕೈ ತೊಳೆಯಲು.